ಲಿಸ್ಪ್: ಬೇಲಿ ದಾಟಿದ ಒಂದು ವಿದ್ಯೆ

ಮನೆಯ ನಕ್ಷೆ ತಯಾರಿಸುವ ಕಚೇರಿಯಲ್ಲಿ ಸ್ವಲ್ಪ ಹೊತ್ತು ಕುಳಿತರೆ 'ಆ ಲಿಸ್ಪ್ ಹಾಕ್ಕೊಂಡಿದ್ದೀಯಾ?' ಎಂದು ಒಬ್ಬ ಇನ್ನೊಬ್ಬನನ್ನು ಕೇಳುವುದು ಕಿವಿಗೆ ಬೀಳುವುದುಂಟು. ಆಟೋಕ್ಯಾಡ್ ಎಂಬ ತಂತ್ರಾಂಶದಲ್ಲಿ ನಕ್ಷೆ ಎಳೆಯುವ ಹುಡುಗರ ಬಳಿ ಇಂತಹ ಸಣ್ಣ ಸಣ್ಣ ಕಡತಗಳ ಗಂಟೇ ಇರುತ್ತದೆ. ಕೋಣೆಗಳ ವಿಸ್ತೀರ್ಣವನ್ನು ಒಂದೇ ಬಾರಿಗೆ ಕೂಡಿಸಿ ಬರೆಯಲು ಒಂದು, ಮೆಟ್ಟಿಲು ಎಳೆಯಲು ಇನ್ನೊಂದು, ಬಾಗಿಲು ಕಿಟಕಿಗಳ ಪಟ್ಟಿ ಮಾಡಲು ಮತ್ತೊಂದು. ಹಿರಿಯರಿಂದ ಕಿರಿಯರಿಗೆ, ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಪೆನ್‌ಡ್ರೈವ್‌ನಲ್ಲಿ ಸಾಗಿ ಬಂದ ಇವುಗಳನ್ನು ಮೊದಲು ಬರೆದವರು ಯಾರೆಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಲಿಸ್ಪ್ ಎಂಬುದು ಒಂದು ಕಂಪ್ಯೂಟರ್ ಭಾಷೆಯ ಹೆಸರೆಂಬುದೂ ಅವರಲ್ಲಿ ಅನೇಕರಿಗೆ ತಿಳಿದಿಲ್ಲ. ಆ ಭಾಷೆಯ ಕೆಲಸ ಆರಂಭವಾದದ್ದು 1958ರಲ್ಲಿ. ಇಂದಿಗೂ ಬಳಕೆಯಲ್ಲಿರುವ ಪ್ರಮುಖ ಭಾಷೆಗಳ ಪೈಕಿ ಅದಕ್ಕಿಂತ ಹಿರಿಯದೆಂದರೆ ಫೋರ್ಟ್ರಾನ್ ಮಾತ್ರ.

ಹತ್ತು ವರ್ಷ ಕಳೆದರೆ ಹಳತಾಯಿತೆಂದು ಮೂಲೆಗೆ ತಳ್ಳುವ ಈ ಕ್ಷೇತ್ರದಲ್ಲಿ ಒಂದು ಭಾಷೆ ಆರು ದಶಕಗಳಿಗೂ ಮೀರಿ ಬದುಕಿದ್ದು ಹೇಗೆ? ಅದನ್ನು ನಂಬಿ ಕೋಟಿಗಟ್ಟಲೆ ಹಣ ಹೂಡಿದ ಕಂಪೆನಿಗಳು ಮುಳುಗಿದವು. ಅದಕ್ಕೆಂದೇ ತಯಾರಾದ ಯಂತ್ರಗಳು ವಸ್ತುಸಂಗ್ರಹಾಲಯ ಸೇರಿದವು. ಉಳಿದದ್ದು ಕೆಲವು ಪುಸ್ತಕಗಳು, ಕೆಲವು ಸಲಕರಣೆಗಳು ಮತ್ತು ಅವನ್ನು ಕೈಯಿಂದ ಕೈಗೆ ದಾಟಿಸಿದ ಮೇಷ್ಟ್ರುಗಳ ಶ್ರಮ. ಲಿಸ್ಪ್‌ನ ನಿಜವಾದ ಚರಿತ್ರೆ ಅಲ್ಲಿಯೇ ಇದೆ ಎಂದು ನನಗನಿಸುತ್ತದೆ.

ಜಾನ್ ಮೆಕಾರ್ಥಿ ಆಗ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿದ್ದ ಗಣಿತಜ್ಞರು. 'ಕೃತಕ ಬುದ್ಧಿಮತ್ತೆ' ಎಂಬ ಹೆಸರನ್ನು ಚಲಾವಣೆಗೆ ತಂದವರೂ ಅವರೇ. ಸಂಖ್ಯೆಗಳ ಲೆಕ್ಕ ಮಾಡುವ ಯಂತ್ರದಿಂದ ಪದ, ವಾಕ್ಯ, ತರ್ಕಗಳ ಲೆಕ್ಕವನ್ನೂ ಮಾಡಿಸಬೇಕೆಂಬುದು ಅವರ ಹಂಬಲ. ಅದಕ್ಕಾಗಿ ಎಲ್ಲವನ್ನೂ ಪಟ್ಟಿಯ ರೂಪದಲ್ಲಿ ಬರೆಯುವ ವಿಧಾನವನ್ನು ರೂಪಿಸಿದರು. ಎರಡು ಮತ್ತು ಮೂರನ್ನು ಕೂಡಿಸಬೇಕಾದರೆ (+ 2 3) ಎಂದು ಬರೆಯಬೇಕು. ಆವರಣದೊಳಗೆ ಮೊದಲು ಕೆಲಸದ ಹೆಸರು, ಆಮೇಲೆ ಆ ಕೆಲಸಕ್ಕೆ ಬೇಕಾದ ಸಾಮಗ್ರಿ. ಪಟ್ಟಿಯೊಳಗೆ ಪಟ್ಟಿ, ಅದರೊಳಗೆ ಮತ್ತೊಂದು ಪಟ್ಟಿ. ಹೀಗೆ ಸಾಲಿನ ಕೊನೆಗೆ ಬರುವಾಗ ಮುಚ್ಚುವ ಆವರಣ ಚಿಹ್ನೆಗಳೇ ಏಳೆಂಟು ಬಿದ್ದಿರುತ್ತವೆ. ಲಿಸ್ಪ್ ಎಂದರೆ ತಲೆಕೆಡಿಸುವ ಆವರಣಗಳ ರಾಶಿ ಎಂದು ಗೇಲಿ ಮಾಡಿದವರು ಬಹಳ. ಆದರೆ ಈ ವಿಕಾರದಲ್ಲಿಯೇ ಅದರ ಶಕ್ತಿಯೂ ಅಡಗಿದೆ. ಇಲ್ಲಿ ಮಾಹಿತಿಯೂ ಪಟ್ಟಿಯೇ, ಆದೇಶವೂ ಪಟ್ಟಿಯೇ. ಆದ್ದರಿಂದ ಲಿಸ್ಪ್‌ನಲ್ಲಿ ಬರೆದ ಒಂದು ಪ್ರೋಗ್ರಾಂ ಇನ್ನೊಂದು ಪ್ರೋಗ್ರಾಮನ್ನು ಓದಬಲ್ಲದು, ತಿದ್ದಬಲ್ಲದು, ಹೊಸದನ್ನು ಬರೆಯಲೂಬಲ್ಲದು. ಈ ಭಾಷೆಯವರು ಸಲಕರಣೆಗಳನ್ನು ತಯಾರಿಸುವುದರಲ್ಲಿ ಸದಾ ಮುಂದಿದ್ದುದಕ್ಕೆ ಇದೇ ಕಾರಣ.

ಮೆಕಾರ್ಥಿಯವರು ಲಿಸ್ಪ್‌ನ ವಿವರಣೆಯನ್ನು ಲಿಸ್ಪ್‌ನಲ್ಲಿಯೇ ಬರೆದು ತೋರಿಸಿದ್ದರು. ಅದು ಕಾಗದದ ಮೇಲಿನ ಸಿದ್ಧಾಂತವೆಂದೇ ಅವರು ಭಾವಿಸಿದ್ದರು. ಅವರ ಸಹಾಯಕ ಸ್ಟೀವ್ ರಸೆಲ್ ಅದನ್ನು ಓದಿ, ಇದನ್ನೇ ಯಂತ್ರಕ್ಕೆ ಅಳವಡಿಸಬಹುದಲ್ಲ ಎಂದರು. ನೀನು ಸಿದ್ಧಾಂತವನ್ನೂ ಪ್ರಯೋಗವನ್ನೂ ಬೆರೆಸಿಬಿಟ್ಟಿದ್ದೀಯ ಎಂದರಂತೆ ಮೆಕಾರ್ಥಿ. ರಸೆಲ್ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಐ.ಬಿ.ಎಂ. 704 ಯಂತ್ರದ ಸಂಕೇತಕ್ಕೆ ಅದನ್ನು ಕೈಯಾರೆ ಇಳಿಸಿದರು. ಲಿಸ್ಪ್ ಓಡತೊಡಗಿತು. ಪಟ್ಟಿಯ ಮೊದಲ ಅಂಶವನ್ನು ತೆಗೆಯುವ ಆದೇಶಕ್ಕೆ 'ಕಾರ್' ಎಂದೂ, ಉಳಿದುದನ್ನು ಕೊಡುವ ಆದೇಶಕ್ಕೆ 'ಕುಡರ್' ಎಂದೂ ಹೆಸರು. ಇವು ಆ 704 ಯಂತ್ರದ ಒಳಭಾಗಗಳ ಹೆಸರುಗಳ ಮೊದಲಕ್ಷರಗಳಿಂದ ಬಂದವು. ಆ ಯಂತ್ರ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಹೆಸರುಗಳು ಮಾತ್ರ ಇಂದಿಗೂ ಪಾಠಗಳಲ್ಲಿವೆ, ಆಟೋಕ್ಯಾಡ್ ಹುಡುಗರ ಕಡತಗಳಲ್ಲಿಯೂ ಇವೆ.

1962ರಲ್ಲಿ 'ಲಿಸ್ಪ್ 1.5'ರ ಕೈಪಿಡಿ ಹೊರಬಂತು. ನೂರು ಪುಟಗಳ ಆಸುಪಾಸಿನ ಪುಸ್ತಕ. ಅದರ 13ನೇ ಪುಟದಲ್ಲಿ ಇಡೀ ಭಾಷೆಯ ಹೃದಯವನ್ನು ಕೆಲವೇ ಸಾಲುಗಳಲ್ಲಿ ಬರೆದಿಡಲಾಗಿದೆ. ಆ ಸಾಲುಗಳನ್ನು ಅರ್ಥಮಾಡಿಕೊಂಡವನು ಯಾವ ಕಂಪೆನಿಯ ಅಪ್ಪಣೆಯನ್ನೂ ಕೇಳದೆ ತನ್ನದೇ ಲಿಸ್ಪ್ ಕಟ್ಟಬಹುದಿತ್ತು. ಕಟ್ಟಿದವರೂ ಇದ್ದರು. ಎಂ.ಐ.ಟಿ.ಯ ಪ್ರಾಧ್ಯಾಪಕರೊಬ್ಬರ ಮಗ ಪೀಟರ್ ಡಾಯ್ಚ್ ಇನ್ನೂ ಶಾಲೆಯ ವಯಸ್ಸಿನಲ್ಲಿದ್ದಾಗಲೇ ಪಿ.ಡಿ.ಪಿ.-1 ಎಂಬ ಯಂತ್ರಕ್ಕೆ ಲಿಸ್ಪ್ ಬರೆದುಕೊಟ್ಟ.

ಮುಂದೆ ಸಲಕರಣೆಗಳ ಕಾಲ ಬಂತು. ವಾರೆನ್ ಟೈಟಲ್‌ಮನ್ ಎಂಬವರು 'ಇಂಟರ್‌ಲಿಸ್ಪ್' ಎಂಬ ವ್ಯವಸ್ಥೆಯೊಳಗೆ ಬರೆಯುವವನ ಕಾಗುಣಿತದ ತಪ್ಪನ್ನು ಯಂತ್ರವೇ ಊಹಿಸಿ ತಿದ್ದುವ ಏರ್ಪಾಡು ಮಾಡಿದರು. ಮಾಡಿದ್ದನ್ನು ರದ್ದುಪಡಿಸಿ ಹಿಂದಕ್ಕೆ ಹೋಗುವ ಸೌಲಭ್ಯವೂ ಅದರಲ್ಲಿತ್ತು. ಇಂದು ಮೊಬೈಲಿನಲ್ಲಿ ಟೈಪ್ ಮಾಡುವ ಪ್ರತಿಯೊಬ್ಬರೂ ಅನುಭವಿಸುವ ಸುಖದುಃಖ ಇದು. ಆದರೆ ಆ ಏರ್ಪಾಡು ಟೈಟಲ್‌ಮನ್ನರೇ ಸಾಮಾನ್ಯವಾಗಿ ಮಾಡುತ್ತಿದ್ದ ತಪ್ಪುಗಳನ್ನು ಚೆನ್ನಾಗಿ ತಿದ್ದುತ್ತಿತ್ತು, ಬೇರೆಯವರದ್ದನ್ನು ಕೆಡಿಸುತ್ತಿತ್ತು ಎಂಬ ದೂರಿತ್ತು. 'ವಾರೆನ್ನನ ಹಾಳು ಯಂತ್ರ' ಎಂದು ಅದಕ್ಕೆ ಅಡ್ಡಹೆಸರು ಬಿತ್ತು.

ಮಕ್ಕಳು ಮತ್ತು ಗುಮಾಸ್ತೆಯರು

ಈ ಭಾಷೆ ಪಂಡಿತರ ಕೋಣೆಯಿಂದ ಹೊರಬಿದ್ದ ಎರಡು ಸಂದರ್ಭಗಳು ನನಗೆ ಬಹಳ ಮುಖ್ಯವೆನಿಸುತ್ತವೆ.

ಮೊದಲನೆಯದು 1967ರದು. ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫಾಯರ್‌ಜೈಗ್ ಮುಂತಾದವರು ಲಿಸ್ಪ್‌ನ ಆವರಣಗಳನ್ನು ಕಳಚಿ, ಮಕ್ಕಳ ಬಾಯಿಗೆ ಹಿಡಿಸುವಂತಹ 'ಲೋಗೋ' ಎಂಬ ಭಾಷೆಯನ್ನು ತಯಾರಿಸಿದರು. ಮ್ಯಾಸಚೂಸೆಟ್ಸ್‌ನ ಲಿಂಕನ್ ಎಂಬ ಊರಿನ ಶಾಲೆಯಲ್ಲಿ ಐದು, ಆರನೇ ತರಗತಿಯ ಮಕ್ಕಳಿಗೆ ಅದನ್ನು ಕಲಿಸಲಾಯಿತು. ಗೆರೆ ಎಳೆಯುತ್ತಾ ಹೋಗುವ 'ಆಮೆ' ಬಂದದ್ದು ಕೆಲವು ವರ್ಷಗಳ ನಂತರ. ಯಂತ್ರ ಮಗುವಿಗೆ ಆದೇಶ ಕೊಡಬಾರದು, ಮಗುವೇ ಯಂತ್ರಕ್ಕೆ ಕಲಿಸಬೇಕು ಎಂಬುದು ಪ್ಯಾಪರ್ಟ್ ಅವರ ನಿಲುವು. ಆಮೆ ಎತ್ತಲೋ ಹೋದರೆ ಅದು ಮಗುವಿನ ಸೋಲಲ್ಲ. ಎಲ್ಲಿ ತಪ್ಪಿತೆಂದು ಹುಡುಕುವುದೇ ಪಾಠ.

ಈ ಲೋಗೋ ನಮ್ಮ ದೇಶದ ಶಾಲೆಗಳಿಗೂ ಬಂದಿದೆ. ಇಂಗ್ಲಿಷ್ ಮಾಧ್ಯಮದ ಎಷ್ಟೋ ಶಾಲೆಗಳ ಕಂಪ್ಯೂಟರ್ ಪಠ್ಯಪುಸ್ತಕಗಳಲ್ಲಿ ಅದರ ಅಧ್ಯಾಯಗಳಿವೆ. ನನ್ನ ತಂಗಿಯ ಮಗಳು ಪರೀಕ್ಷೆಗೆಂದು ಲೋಗೋದ ಆದೇಶಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಿದ್ದುದನ್ನು ನೋಡಿದ್ದೇನೆ. 'ಆಮೆಯನ್ನು ಓಡಿಸಿದ್ದೀಯಾ?' ಎಂದು ಕೇಳಿದರೆ, 'ಲ್ಯಾಬ್‌ಗೆ ವಾರಕ್ಕೆ ಒಂದೇ ಪೀರಿಯಡ್ ಮಾಮಾ, ಒಂದು ಕಂಪ್ಯೂಟರ್‌ಗೆ ನಾಲ್ಕು ಮಂದಿ' ಎಂದಳು. ಸಲಕರಣೆ ಸಮುದ್ರ ದಾಟಿ ಬಂತು. ಅದರೊಂದಿಗೆ ಇದ್ದ ಬೋಧನೆಯ ಕ್ರಮ ದಾರಿಯಲ್ಲೆಲ್ಲೋ ಉಳಿದುಬಿಟ್ಟಿತು.

ಎರಡನೆಯ ಸಂದರ್ಭ ಈಮ್ಯಾಕ್ಸ್ ಎಂಬ ಬರವಣಿಗೆಯ ಸಲಕರಣೆಗೆ ಸೇರಿದ್ದು. 1976ರಲ್ಲಿ ಎಂ.ಐ.ಟಿ.ಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಮತ್ತು ಗೈ ಸ್ಟೀಲ್ ಮೊದಲ ಈಮ್ಯಾಕ್ಸನ್ನು ರೂಪಿಸಿದರು. 1978ರಲ್ಲಿ ಬರ್ನಾರ್ಡ್ ಗ್ರೀನ್‌ಬರ್ಗ್ ಎಂಬವರು ಮಲ್ಟಿಕ್ಸ್ ಯಂತ್ರಗಳಿಗಾಗಿ ಅದನ್ನು ಲಿಸ್ಪ್‌ನಲ್ಲಿ ಹೊಸದಾಗಿ ಬರೆದರು. ಬಳಸುವವರು ತಮಗೆ ಬೇಕಾದ ಹೊಸ ಆದೇಶಗಳನ್ನು ತಾವೇ ಬರೆದು ಸೇರಿಸಿಕೊಳ್ಳಬಹುದಿತ್ತು. ಗ್ರೀನ್‌ಬರ್ಗ್ ಅವರ ಕಚೇರಿಯ ಗುಮಾಸ್ತೆಯರ ಕೈಗೆ ಒಂದು ಕೈಪಿಡಿ ಸಿಕ್ಕಿತು. ಈಮ್ಯಾಕ್ಸನ್ನು ವಿಸ್ತರಿಸುವುದು ಹೇಗೆಂದು ಅದರಲ್ಲಿ ಬರೆದಿತ್ತು, ಆದರೆ ಇದು 'ಪ್ರೋಗ್ರಾಮಿಂಗ್' ಎಂದು ಎಲ್ಲಿಯೂ ಹೇಳಿರಲಿಲ್ಲ. ಪ್ರೋಗ್ರಾಮಿಂಗ್ ತಮ್ಮಿಂದಾಗದ ಕೆಲಸ ಎಂದುಕೊಂಡಿದ್ದ ಆ ಮಹಿಳೆಯರು ಹೆದರದೆ ಓದಿದರು, ಮಾಡಿ ನೋಡಿದರು, ಕಲಿತೂಬಿಟ್ಟರು. ಸ್ಟಾಲ್‌ಮನ್ 2002ರಲ್ಲಿ ಲಿಸ್ಪ್ ಸಮ್ಮೇಳನವೊಂದರ ಭಾಷಣದಲ್ಲಿ ಈ ಪ್ರಸಂಗವನ್ನು ನೆನಪಿಸಿಕೊಂಡಿದ್ದಾರೆ. ಆ ಮಹಿಳೆಯರ ಹೆಸರುಗಳು ಅದರಲ್ಲಿ ಬರುವುದಿಲ್ಲ. ವಿದ್ಯೆಯ ಬಾಗಿಲಲ್ಲಿ ನಿಂತಿರುವ ಭಯದ ಹೆಸರೊಂದನ್ನು ತೆಗೆದರೆ ಸಾಕು, ಎಷ್ಟು ಮಂದಿ ಒಳಗೆ ಬರಬಲ್ಲರು ಎಂಬುದಕ್ಕೆ ನನಗೆ ತಿಳಿದಂತೆ ಇದಕ್ಕಿಂತ ಒಳ್ಳೆಯ ಉದಾಹರಣೆ ಈ ಚರಿತ್ರೆಯಲ್ಲಿಲ್ಲ.

ಬೇಲಿ

1970ರ ದಶಕದಲ್ಲಿ ಎಂ.ಐ.ಟಿ.ಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ರಿಚರ್ಡ್ ಗ್ರೀನ್‌ಬ್ಲಾಟ್, ಟಾಮ್ ನೈಟ್ ಮೊದಲಾದವರು ಲಿಸ್ಪ್‌ಗೆಂದೇ ಒಂದು ಯಂತ್ರವನ್ನು ಕಟ್ಟಿದರು. ಅಲ್ಲಿ ಯಾರು ಬರೆದದ್ದನ್ನು ಯಾರು ಬೇಕಾದರೂ ತೆರೆದು ನೋಡಬಹುದಿತ್ತು, ತಿದ್ದಬಹುದಿತ್ತು. ಅದೇ ಅಲ್ಲಿನ ಕಲಿಕೆಯ ವಿಧಾನವೂ ಆಗಿತ್ತು. ಈ ಯಂತ್ರಕ್ಕೆ ಮಾರುಕಟ್ಟೆಯಿದೆ ಎಂಬುದು ಗೊತ್ತಾದಾಗ ಎರಡು ಕಂಪೆನಿಗಳು ಹುಟ್ಟಿಕೊಂಡವು: 1979ರಲ್ಲಿ ಗ್ರೀನ್‌ಬ್ಲಾಟ್ ಅವರ ಎಲ್.ಎಂ.ಐ., 1980ರಲ್ಲಿ ಸಿಂಬಾಲಿಕ್ಸ್. ಪ್ರಯೋಗಾಲಯದ ನುರಿತವರಲ್ಲಿ ಹೆಚ್ಚಿನವರನ್ನು ಸಿಂಬಾಲಿಕ್ಸ್ ಸೆಳೆದುಕೊಂಡಿತು. ಎರಡು ವರ್ಷಗಳ ನಂತರ ಅದು ಹೊಸ ಷರತ್ತು ಹಾಕಿತು. ತನ್ನ ಸುಧಾರಣೆಗಳನ್ನು ಎಂ.ಐ.ಟಿ. ಬಳಸಬಹುದು, ಆದರೆ ಬೇರೆಯವರಿಗೆ ಕೊಡುವಂತಿಲ್ಲ. ಒಂದೇ ಬಾವಿಯ ನೀರು ಕುಡಿಯುತ್ತಿದ್ದವರು ಪಕ್ಷ ಕಟ್ಟಬೇಕಾಯಿತು.

ಸ್ಟಾಲ್‌ಮನ್ ಇದನ್ನು ಒಪ್ಪಲಿಲ್ಲ. 1983ರ ಕೊನೆಯವರೆಗೂ ಸಿಂಬಾಲಿಕ್ಸ್ ತಂದ ಪ್ರತಿಯೊಂದು ಸುಧಾರಣೆಗೂ ಸಮಾನವಾದುದನ್ನು ಒಬ್ಬರೇ ಕುಳಿತು ಬರೆದರು. ಕೊನೆಗೆ, ಮುರಿದ ಮನೆಗೆ ತೇಪೆ ಹಾಕುವುದಕ್ಕಿಂತ ಹೊಸ ಮನೆ ಕಟ್ಟುವುದು ಲೇಸೆಂದು 1983ರ ಸೆಪ್ಟೆಂಬರಿನಲ್ಲಿ 'ಗ್ನೂ' ಯೋಜನೆಯನ್ನು ಘೋಷಿಸಿದರು. ಇಂದು ಸ್ವತಂತ್ರ ತಂತ್ರಾಂಶ ಎಂದು ಕರೆಯುವ ಚಳವಳಿಯ ಬೇರು ಈ ಲಿಸ್ಪ್ ಜಗಳದಲ್ಲಿದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಸಿಂಬಾಲಿಕ್ಸ್‌ನವರಿಗೂ ತಮ್ಮದೇ ವಾದವಿತ್ತು. ಸಂಬಳ ಕೊಟ್ಟು ನಾವು ಬರೆಸಿದ್ದನ್ನು ನಮ್ಮ ಎದುರಾಳಿಗೆ ಯಾಕೆ ಪುಕ್ಕಟೆಯಾಗಿ ಕೊಡಬೇಕು ಎಂಬುದು ಅವರ ಪ್ರಶ್ನೆ. ವ್ಯಾಪಾರದ ದೃಷ್ಟಿಯಿಂದ ಅದು ತಪ್ಪೆಂದು ಹೇಳಲಾಗದು.

ಅವರ ಯಂತ್ರಗಳು ಸಾಧಾರಣದವೂ ಆಗಿರಲಿಲ್ಲ. ಜಾನೆಟ್ ವಾಕರ್ ಎಂಬ ಮಹಿಳೆಯ ನೇತೃತ್ವದಲ್ಲಿ ತಯಾರಾದ 'ಡಾಕ್ಯುಮೆಂಟ್ ಎಕ್ಸಾಮಿನರ್' 1985ರಲ್ಲಿ ಬಳಕೆಗೆ ಬಂತು. ಸುಮಾರು 8,000 ಪುಟಗಳ ಕೈಪಿಡಿಯನ್ನು ಪರದೆಯ ಮೇಲೆಯೇ ಓದುತ್ತಾ, ಒಂದು ಪದವನ್ನು ಒತ್ತಿ ಅದಕ್ಕೆ ಸಂಬಂಧಿಸಿದ ಇನ್ನೊಂದು ಪುಟಕ್ಕೆ ಹಾರಬಹುದಾಗಿತ್ತು. ವರ್ಲ್ಡ್ ವೈಡ್ ವೆಬ್ ಹುಟ್ಟುವ ಮೊದಲಿನ ಮಾತಿದು. ಹತ್ತಾರು ಸಾವಿರ ಡಾಲರ್ ಬೆಲೆಯ ಯಂತ್ರವನ್ನು ಕೊಂಡವರಿಗೆ ಮಾತ್ರ ಆ ಭಾಗ್ಯ. ಡಾಟ್ ಕಾಂ ಎಂದು ಕೊನೆಗೊಳ್ಳುವ ಮೊತ್ತಮೊದಲ ವಿಳಾಸವನ್ನು 1985ರ ಮಾರ್ಚ್ 15ರಂದು ನೋಂದಾಯಿಸಿದ್ದೂ ಇದೇ ಸಿಂಬಾಲಿಕ್ಸ್. ಆದರೆ ಅಗ್ಗದ ಸಾಮಾನ್ಯ ಕಂಪ್ಯೂಟರುಗಳು ವೇಗ ಪಡೆಯುತ್ತಾ ಹೋದಂತೆ, ಕೃತಕ ಬುದ್ಧಿಮತ್ತೆಯ ಬಗೆಗಿನ ಅತಿಯಾದ ನಿರೀಕ್ಷೆಗಳು ಹುಸಿಯಾದಂತೆ ಈ ವ್ಯಾಪಾರ ಕುಸಿಯಿತು. ಎಲ್.ಎಂ.ಐ. 1987ರಲ್ಲಿ ದಿವಾಳಿಯಾಯಿತು. ಸಿಂಬಾಲಿಕ್ಸ್ 1993ರಲ್ಲಿ ದಿವಾಳಿ ಅರ್ಜಿ ಹಾಕಿತು. ಆ ಬೃಹತ್ ಕೈಪಿಡಿ ತನ್ನ ಯಂತ್ರದೊಂದಿಗೇ ಮರೆಗೆ ಸರಿಯಿತು.

ಇತ್ತ 1985ರಲ್ಲಿ ಗ್ನೂ ಈಮ್ಯಾಕ್ಸ್ ಬಿಡುಗಡೆಯಾಯಿತು. ಒಳಗೆ ಲಿಸ್ಪ್, ಜೊತೆಗೆ ಮೂಲ ಬರಹ, ಕೈಪಿಡಿ, ಹೊಸಬರಿಗೊಂದು ಪಾಠ, ಎಲ್ಲವೂ ಒಟ್ಟಿಗೆ. ಯಾವ ಕೀಲಿಯನ್ನು ಒತ್ತಿದರೆ ಏನಾಗುತ್ತದೆ ಎಂದು ಸಲಕರಣೆಯನ್ನೇ ಕೇಳಬಹುದು, ಅದೇ ಉತ್ತರ ಕೊಡುತ್ತದೆ. ಮುಂದೆ ರಾಬರ್ಟ್ ಚಾಸೆಲ್ ಎಂಬವರು ಪ್ರೋಗ್ರಾಮರುಗಳಲ್ಲದವರಿಗಾಗಿಯೇ ಈಮ್ಯಾಕ್ಸ್ ಲಿಸ್ಪ್‌ನ ಪ್ರವೇಶಿಕೆಯೊಂದನ್ನು ಬರೆದುಕೊಟ್ಟರು. ಮಲ್ಟಿಕ್ಸ್ ಕಚೇರಿಯ ಗುಮಾಸ್ತೆಯರಂತಹವರ ಕೈಗೆ ಕೊಡಬೇಕಾದ ಪುಸ್ತಕ ಅದು.

1986ರಲ್ಲಿ ಆಟೋಕ್ಯಾಡ್‌ನೊಳಗೆ 'ಆಟೋಲಿಸ್ಪ್' ಬಂತು. ಡೇವಿಡ್ ಬೆಟ್ಜ್ ಎಂಬವರು ಬರೆದು ಮೂಲ ಬರಹದ ಸಮೇತ ಹಂಚಿದ್ದ 'ಎಕ್ಸ್‌ಲಿಸ್ಪ್' ಎಂಬ ಪುಟ್ಟ ಲಿಸ್ಪ್ ಅದಕ್ಕೆ ಆಧಾರ. ದುಬಾರಿ ಯಂತ್ರಗಳು ಮುಳುಗಿದ ಮೇಲೂ ಲಿಸ್ಪ್ ನಮ್ಮೂರಿನ ನಕ್ಷೆಯ ಕಚೇರಿಗಳವರೆಗೆ ಬಂದು ಮುಟ್ಟಿದ್ದು ಈ ಹಾದಿಯಲ್ಲಿ.

ಮೇಷ್ಟ್ರುಗಳ ಪುಸ್ತಕಗಳು

ಲಿಸ್ಪ್‌ನ ಕವಲುಗಳಲ್ಲಿ 'ಸ್ಕೀಮ್' ಎಂಬುದು ಅತ್ಯಂತ ಚಿಕ್ಕದು, ಚೊಕ್ಕವಾದದ್ದು. 1975ರಲ್ಲಿ ಜೆರಾಲ್ಡ್ ಸಸ್‌ಮನ್ ಮತ್ತು ಗೈ ಸ್ಟೀಲ್ ಅದನ್ನು ರೂಪಿಸಿದರು. ಅದನ್ನು ಆಧರಿಸಿ ಹೆರಾಲ್ಡ್ ಏಬಲ್‌ಸನ್, ಜೆರಾಲ್ಡ್ ಸಸ್‌ಮನ್ ಮತ್ತು ಜೂಲಿ ಸಸ್‌ಮನ್ 1985ರಲ್ಲಿ ಪ್ರಕಟಿಸಿದ ಪಠ್ಯಪುಸ್ತಕವನ್ನು ಅದರ ಹೆಸರಿನ ಮೊದಲಕ್ಷರಗಳಿಂದ 'ಎಸ್.ಐ.ಸಿ.ಪಿ.' ಎನ್ನುತ್ತಾರೆ. ಮುಖಪುಟದಲ್ಲಿ ಮಂತ್ರವಾದಿಯ ಚಿತ್ರವಿರುವುದರಿಂದ 'ಮಂತ್ರವಾದಿ ಪುಸ್ತಕ' ಎಂದೂ ಹೆಸರಿದೆ. ಎಂ.ಐ.ಟಿ.ಯ ಹೊಸ ವಿದ್ಯಾರ್ಥಿಗಳು ಓದುತ್ತಿದ್ದ ಈ ಪುಸ್ತಕ ಸುಲಭದ್ದಲ್ಲ. ಆದರೆ ಕೊನೆಗೆ ತಲುಪುವ ಹೊತ್ತಿಗೆ ವಿದ್ಯಾರ್ಥಿ ತನ್ನದೇ ಒಂದು ಲಿಸ್ಪನ್ನು ಕಟ್ಟಿರುತ್ತಾನೆ. ಯಂತ್ರದೊಳಗೆ ಮಾಯೆ ಏನೂ ಇಲ್ಲ ಎಂಬುದು ಅವನಿಗೆ ಕೈಯಾರೆ ತಿಳಿದಿರುತ್ತದೆ. 1986ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಕಂಪೆನಿಯ ನೌಕರರಿಗಾಗಿ ಏಬಲ್‌ಸನ್ ಮತ್ತು ಸಸ್‌ಮನ್ ಮಾಡಿದ ಉಪನ್ಯಾಸಗಳ ವೀಡಿಯೊಗಳೂ ಪುಸ್ತಕದ ಪೂರ್ತಿ ಪಾಠವೂ ಮುಂದೆ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ದೊರೆತವು. ಮಾರಾಟದಲ್ಲಿರುವ ಪುಸ್ತಕವನ್ನು ಪ್ರಕಾಶಕರೇ ಪುಕ್ಕಟೆಯಾಗಿ ತೆರೆದಿಡುವುದು ಸಣ್ಣ ಮಾತಲ್ಲ.

ಇದಕ್ಕೂ ಮೊದಲೇ, 1974ರಲ್ಲಿ, ಡೇನಿಯಲ್ ಫ್ರೀಡ್‌ಮನ್ 'ದಿ ಲಿಟ್ಲ್ ಲಿಸ್ಪರ್' ಎಂಬ ತೆಳ್ಳನೆಯ ಪುಸ್ತಕ ಬರೆದಿದ್ದರು. ಪ್ರೋಗ್ರಾಮಿಂಗ್‌ನ ಗಂಧಗಾಳಿಯಿಲ್ಲದ, ಲೆಕ್ಕವೆಂದರೆ ಆಗದ ವಿದ್ಯಾರ್ಥಿಗಳಿಗೆ ಎರಡು ವಾರಗಳಲ್ಲಿ ಕಲಿಸಲೆಂದು ಬರೆದದ್ದು. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಉದಾಹರಣೆಗಳೆಲ್ಲ ಬಹುಪಾಲು ತಿಂಡಿತಿನಿಸುಗಳವು. ಓದುವಾಗ ಜ್ಯಾಮ್ ಮೆತ್ತಿಕೊಂಡರೆ ಇರಲೆಂದು ಒಂದು ಕಡೆ ಜಾಗವನ್ನೂ ಖಾಲಿ ಬಿಟ್ಟಿದ್ದಾರೆ! ಗುರುಶಿಷ್ಯರ ಸಂವಾದದ ಮೂಲಕ ವಿದ್ಯೆ ಹೇಳುವ ಹಳೆಯ ಕ್ರಮವನ್ನು ಕಂಡ ನಮಗೆ ಈ ಪುಸ್ತಕ ಅಪರಿಚಿತವೆನಿಸುವುದಿಲ್ಲ.

ಎಸ್.ಐ.ಸಿ.ಪಿ.ಗೆ ಒಳಗಿನವರಿಂದಲೇ ಟೀಕೆ ಬಂತೆಂಬುದನ್ನೂ ಹೇಳಬೇಕು. ಮಥಾಯಸ್ ಫೆಲೈಸೆನ್, ರಾಬರ್ಟ್ ಫಿಂಡ್ಲರ್, ಮ್ಯಾಥ್ಯೂ ಫ್ಲಾಟ್ ಮತ್ತು ಭಾರತ ಮೂಲದ ಶ್ರೀರಾಮ ಕೃಷ್ಣಮೂರ್ತಿ 2004ರ ಪ್ರಬಂಧವೊಂದರಲ್ಲಿ ಅದರ ಕೊರತೆಗಳನ್ನು ಎತ್ತಿ ತೋರಿಸಿದರು. ಅದರ ಉದಾಹರಣೆಗಳಿಗೆ ಗಣಿತ ಮತ್ತು ಎಂಜಿನಿಯರಿಂಗ್ ಮೊದಲೇ ಗೊತ್ತಿರಬೇಕು, ಖಾಲಿ ಹಾಳೆಯ ಮುಂದೆ ಕುಳಿತ ಸಾಮಾನ್ಯ ವಿದ್ಯಾರ್ಥಿಗೆ ಎಲ್ಲಿಂದ ಆರಂಭಿಸಬೇಕೆಂಬುದನ್ನು ಅದು ಹೇಳಿಕೊಡುವುದಿಲ್ಲ ಎಂಬುದು ಅವರ ತಕರಾರು. ಅದಕ್ಕೆ ಮೂರು ವರ್ಷ ಮೊದಲೇ, 2001ರಲ್ಲಿ, ಅವರು ತಮ್ಮದೇ ಪಠ್ಯವನ್ನು ಹೊರತಂದು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದ್ದರು. ಮೊದಲು ಸಾಮಗ್ರಿ ಏನೆಂದು ಹೇಳು, ಉದ್ದೇಶವನ್ನು ಒಂದು ಸಾಲಿನಲ್ಲಿ ಬರೆ, ಪ್ರೋಗ್ರಾಮಿಗಿಂತ ಮುಂಚೆ ಉದಾಹರಣೆಗಳನ್ನು ಬರೆ ಎಂದು ಅಡುಗೆಯ ವಿಧಾನದಂತೆ ಅದು ಕೈಹಿಡಿದು ನಡೆಸುತ್ತದೆ.

ಅದರ ಜೊತೆಗಿನ 'ಡಾಕ್ಟರ್ ಸ್ಕೀಮ್' ಎಂಬ ಸಲಕರಣೆ 2010ರ ನಂತರ 'ಡಾಕ್ಟರ್ ರಾಕೆಟ್' ಆಗಿದೆ. ಅದರಲ್ಲಿ ಹೊಸಬರಿಗೆಂದೇ ಚಿಕ್ಕದು ಮಾಡಿದ ಭಾಷೆಗಳಿವೆ. ಮಗು ಶಾಲೆಯ ಅಭ್ಯಾಸದಂತೆ (3 + 4) ಎಂದು ಬರೆದರೆ ಯಂತ್ರ ಗೊಂದಲದ ಸಂಕೇತವನ್ನು ಮುಖಕ್ಕೆ ಎಸೆಯುವುದಿಲ್ಲ. ಆವರಣ ತೆರೆದ ಕೂಡಲೇ ಕೆಲಸದ ಹೆಸರು ಬರಬೇಕಿತ್ತು, ಇಲ್ಲಿ ಸಂಖ್ಯೆ ಬಂದಿದೆ ಎಂದು ಅದು ಕಲಿತಷ್ಟೇ ಮಾತಿನಲ್ಲಿ ಹೇಳುತ್ತದೆ. ತಪ್ಪು ಮಾಡಿದವನೊಂದಿಗೆ ಹೇಗೆ ಮಾತನಾಡಬೇಕು ಎಂಬುದರ ಬಗ್ಗೆ ಇಷ್ಟು ಯೋಚಿಸಿದವರು ಕಡಿಮೆ. ಲಿಸ್ಪ್ ಮಂದಿಯ ಬಗ್ಗೆ ಅಹಂಕಾರಿಗಳೆಂಬ ದೂರು ಹಳೆಯದು, ಅದರಲ್ಲಿ ಹುರುಳಿಲ್ಲದೆಯೂ ಇಲ್ಲ. ಅದೇ ಗುಂಪಿನಲ್ಲಿ ಇಂತಹವರೂ ಇದ್ದರು.

ಕಾಮನ್ ಲಿಸ್ಪ್ ಎಂಬ ಇನ್ನೊಂದು ಕವಲಿಗೆ 1994ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಿಕ್ಕಿತು. ಸಾವಿರಕ್ಕೂ ಮಿಕ್ಕಿದ ಪುಟಗಳ ಆ ದಸ್ತಾವೇಜನ್ನು ಹಣ ಕೊಟ್ಟು ಕೊಳ್ಳಬೇಕಿತ್ತು. ಕೆಂಟ್ ಪಿಟ್‌ಮನ್ 1996ರಲ್ಲಿ ಹಾರ್ಲೆಕ್ವಿನ್ ಎಂಬ ಕಂಪೆನಿಯಲ್ಲಿದ್ದಾಗ ಅದನ್ನು ಕೊಂಡಿಗಳ ಸಮೇತ 'ಹೈಪರ್‌ಸ್ಪೆಕ್' ಆಗಿ ಅಂತರ್ಜಾಲಕ್ಕೆ ತಂದರು. ಪೀಟರ್ ಸೀಬೆಲ್ ಅವರ ಕಾಮನ್ ಲಿಸ್ಪ್ ಪಠ್ಯ 2005ರಲ್ಲಿ ಅಂಗಡಿಗೂ ಅಂತರ್ಜಾಲಕ್ಕೂ ಬಂತು. ಬೇರೆಯವರು ಬರೆದ ಭಾಗಗಳನ್ನು ಒಂದೇ ಆದೇಶದಲ್ಲಿ ತರಿಸಿಕೊಳ್ಳುವ 'ಕ್ವಿಕ್‌ಲಿಸ್ಪ್' 2010ರಲ್ಲಿ ಬಂತು. ಅಲ್ಲಿಯವರೆಗೆ ಆ ಕೆಲಸಕ್ಕೆ ದಿನಗಟ್ಟಲೆ ಪರದಾಡಬೇಕಿತ್ತು.

2008ರ ಹೊತ್ತಿಗೆ ಎಂ.ಐ.ಟಿ. ತನ್ನ ಮೊದಲ ಪಾಠದಿಂದ ಸ್ಕೀಮನ್ನು ಕೈಬಿಟ್ಟು ಪೈಥಾನ್ ಭಾಷೆಗೆ ಹೊರಳಿತು. ಪುಸ್ತಕದ ಓದು ಮಾತ್ರ ನಿಲ್ಲಲಿಲ್ಲ. ಜಪಾನಿನಿಂದ ಹಿಡಿದು ಹಲವು ದೇಶಗಳಲ್ಲಿ ಅದು ಅನುವಾದವಾಗಿದೆ. ಈಗ ಅದರ ಅಂತರ್ಜಾಲ ಆವೃತ್ತಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಮೂಲವನ್ನು ಹೆಸರಿಸಿ, ತನ್ನ ಅನುವಾದವನ್ನೂ ಅದೇ ಷರತ್ತಿನಲ್ಲಿ ತೆರೆದಿಡಲು ಒಪ್ಪುವ ಯಾರು ಬೇಕಾದರೂ ಅದನ್ನು ಕನ್ನಡಕ್ಕೆ ತರಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ಚಾಸೆಲ್ ಅವರ ಪ್ರವೇಶಿಕೆಯ ಅನುವಾದಕ್ಕೂ ಅದರ ಪರವಾನಗಿಯಲ್ಲೇ ಅವಕಾಶವಿದೆ.

ಈಮ್ಯಾಕ್ಸ್‌ನಲ್ಲಿ ಕನ್ನಡವನ್ನು ಬೆರಳಚ್ಚಿಸುವ ವಿಧಾನಗಳನ್ನು ಸೇರಿಸಿ ವರ್ಷಗಳೇ ಆದವು. ಅದರೊಳಗೆ 'ಹಲೋ' ಎಂಬ ಒಂದು ಕಡತವಿದೆ. ಲೋಕದ ಹತ್ತಾರು ಭಾಷೆಗಳಲ್ಲಿ ಬಂದವರನ್ನು ಸ್ವಾಗತಿಸುವ ಮಾತುಗಳು ಅದರಲ್ಲಿವೆ. ಅವುಗಳ ನಡುವೆ 'ಕನ್ನಡ' ಎಂದು ಬರೆದು, ಮುಂದೆ 'ನಮಸ್ಕಾರ' ಎಂದಿದೆ. ಅದೇ ಪೆಟ್ಟಿಗೆಯಲ್ಲಿ ಹೊಸಬರಿಗಾಗಿ ಇರುವ ಮೊದಲ ಪಾಠ ಜಪಾನಿ, ಕೊರಿಯನ್, ಥಾಯ್, ಹೀಬ್ರೂ, ಎಸ್ಪೆರಾಂಟೊ ಸಹಿತ ಅನೇಕ ಭಾಷೆಗಳಲ್ಲಿ ಸಿಗುತ್ತದೆ. 2023ರಲ್ಲಿ ಬಿಡುಗಡೆಯಾದ 29ನೇ ಆವೃತ್ತಿಯಲ್ಲಿ ಆ ಪಾಠ ಕನ್ನಡದಲ್ಲಾಗಲಿ ಭಾರತದ ಬೇರೆ ಯಾವ ಭಾಷೆಯಲ್ಲಾಗಲಿ ಇರಲಿಲ್ಲ.